ಕಂಪ್ಯೂಟರಿನ ಛದ್ಮವೇಷ

ಕಂತು 1

ಮೊದಲು ಫೋಟೋ ನೋಡಿ, ಆಮೇಲೆ ಓದಿ. ಕೆಳಗೆ ನೀಲಿ ಪಟ್ಟಿ, ಎಡ ಮೂಲೆಯಲ್ಲಿ ಸ್ಟಾರ್ಟ್ ಬಟನ್, ಬಲ ಮೂಲೆಯಲ್ಲಿ ಗಡಿಯಾರ, ಮೇಲೆ ಕಸದ ಬುಟ್ಟಿ. ವಿಂಡೋಸ್ ಅಲ್ವಾ ಅಂತೀರಿ. ಅಲ್ಲ. ಅದು ಲಿನಕ್ಸ್. ವಿಂಡೋಸ್ ವೇಷ ಹಾಕ್ಕೊಂಡು ಕೂತಿದೆ. ವೇಷ ಹಾಕಿದ್ದು ನಾನೇ.

ಸಾಗರದಲ್ಲಿ ಅಪ್ಪಂದು ಒಂದು ಸಣ್ಣ ಜೆರಾಕ್ಸ್ ಅಂಗಡಿ. ಪಹಣಿ ಪ್ರಿಂಟು, ಆಧಾರ್ ಕಾರ್ಡ್ ಲ್ಯಾಮಿನೇಶನ್ನು, ಪರೀಕ್ಷೆ ಹೊತ್ತಲ್ಲಿ ನಿಮ್ಮಂಥವರ ಮೈಕ್ರೋ ಜೆರಾಕ್ಸು. ಅಲ್ಲಿರೋ ಕಂಪ್ಯೂಟರ್ 2011ರದ್ದು, 2 ಜಿಬಿ ರ‍್ಯಾಮ್, ವಿಂಡೋಸ್ 7. ಆ ವಿಂಡೋಸ್‌ಗೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಸಪೋರ್ಟ್ ನಿಲ್ಲಿಸಿ ಆಗಿದೆ. ಊರವರ ಪೆನ್‌ಡ್ರೈವೆಲ್ಲ ಬಂದು ಚುಚ್ಚೋದು ಇದಕ್ಕೇ, ಅವರ ವೈರಸ್ಸಿಗೆಲ್ಲ ಇಲ್ಲೇ ಬಿಡಾರ. ಒಂದು ಪಿಡಿಎಫ್ ತೆರೆಯೋ ಅಷ್ಟರಲ್ಲಿ ಗಿರಾಕಿ ಎದುರಿನ ಹೋಟೆಲಲ್ಲಿ ಟೀ ಕುಡ್ಕೊಂಡು ಬರಬಹುದಿತ್ತು. ಎಷ್ಟೋ ಜನ ವಾಪಸ್ ಬರದೆ ಮುಂದಿನ ಅಂಗಡಿಗೆ ಹೋಗಿಬಿಡ್ತಿದ್ರು. ಹೊಸ ಕಂಪ್ಯೂಟರ್ ತಗೊಳ್ಳೋಣ ಅಂದ್ರೆ ಈ ವರ್ಷ ತಂಗಿ ಪಿಯುಸಿ ಫೀಸು.

ಹಂಗಾಗಿ ದಸರಾ ರಜೆಯಲ್ಲಿ ಒಂದು ರಾತ್ರಿ, ಅಪ್ಪ ಮಲಗಿದ ಮೇಲೆ, ಅಂಗಡಿ ಶಟರ್ ಎತ್ತಿ ಒಳಗೆ ಕೂತು ಲಿನಕ್ಸ್ ಹಾಕಿದೆ. ಅಪ್ಪಂಗೆ ಹೇಳಲಿಲ್ಲ. ಹೇಳಿದ್ರೆ ಬೇಡ ಅಂತಾರೆ ಅನ್ನೋದು ನನ್ನ ಲೆಕ್ಕ. ಅವರಿಗೆ ಗೊತ್ತಾಗಬಾರದು ಅಂತ ಬಣ್ಣ, ಐಕಾನು, ಬಟನ್ನು, ವಾಲ್‌ಪೇಪರು ಎಲ್ಲ ವಿಂಡೋಸ್ 7 ಥರಾನೇ ಮಾಡಿದೆ. ಬೆಳಗಿನ ಜಾವ ಮೂರು ಗಂಟೆ ಆಗಿತ್ತು.

ನಾಲ್ಕು ದಿನ ಅವರಿಗೆ ಗೊತ್ತಾಗಲೇ ಇಲ್ಲ. ಐದನೇ ದಿನ ಏನಾಯ್ತು ಅನ್ನೋದು ಕೊನೇ ಕಂತಲ್ಲಿ. ಅದಾದ ಮೇಲೆ ನನ್ನ ತಲೇಲಿ ಒಂದೇ ಪ್ರಶ್ನೆ ಕೊರೀತಾ ಇತ್ತು: ಒಂದು ಕಂಪ್ಯೂಟರಿಗೆ ಇನ್ನೊಂದರ ವೇಷ ಹಾಕೋದು ಯಾವಾಗ ಶುರುವಾಯ್ತು? ಯಾರ್ಯಾರು ಹಾಕಿದ್ರು, ಯಾಕೆ ಹಾಕಿದ್ರು? ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ನಿಮಗೂ ಹೇಳ್ತೀನಿ. ಬಿಕಾಂ ಹುಡುಗ ಇದನ್ನೆಲ್ಲ ಯಾಕೆ ಬರೀತಾನೆ ಅಂತ ಕೇಳಬೇಡಿ, ಇದರಲ್ಲಿ ಶೇರು, ಲೈಸೆನ್ಸು, ಕೋರ್ಟು, ಟ್ರೇಡ್‌ಮಾರ್ಕು ಎಲ್ಲ ಇದೆ.

ಕಂತು 2

ನಮ್ಮ ಅಂಗಡೀದು ಜೆರಾಕ್ಸ್ ಅಂಗಡಿ ಅಂದೆ ಅಲ್ವಾ. ತಮಾಷೆ ಏನಂದ್ರೆ, ಇಡೀ ಕಥೆ ಶುರುವಾಗೋದೂ ಜೆರಾಕ್ಸ್ ಇಂದಾನೇ.

ಜೆರಾಕ್ಸ್ ಅನ್ನೋದು ಅಮೆರಿಕದ ಒಂದು ಕಂಪನಿ ಹೆಸರು, ನಾವು ಅದನ್ನ ನಕಲು ಪ್ರತಿಗೇ ಹೆಸರು ಮಾಡಿಟ್ಟಿದೀವಿ. ಆ ಕಂಪನಿ 1970ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಒಂದು ಸಂಶೋಧನಾ ಕೇಂದ್ರ ಶುರು ಮಾಡ್ತು. 1973ರಲ್ಲಿ ಅಲ್ಲಿ 'ಆಲ್ಟೋ' ಅನ್ನೋ ಕಂಪ್ಯೂಟರ್ ಮಾಡಿದ್ರು. ಪರದೆ ಮೇಲೆ ಚಿತ್ರ, ಕೈಯಲ್ಲಿ ಮೌಸ್, ಕಿಟಕಿ ಕಿಟಕಿಯಾಗಿ ತೆರೆಯೋ ಕೆಲಸ. 1981ರಲ್ಲಿ 'ಸ್ಟಾರ್' ಅನ್ನೋದನ್ನ ಮಾರಾಟಕ್ಕೇ ಬಿಟ್ಟರು. ಪರದೆ ಅಂದ್ರೆ ಆಫೀಸಿನ ಮೇಜು, ಅದರ ಮೇಲೆ ಕಾಗದ, ಫೋಲ್ಡರು ಅನ್ನೋ ಕಲ್ಪನೆ ಅಂಗಡಿಗೆ ಬಂದದ್ದು ಆಗ. ಬೆಲೆ ಒಂದು ಮಷೀನಿಗೆ 16,000 ಡಾಲರಿಗೂ ಮೇಲೆ. ಯಾರು ತಗೋತಾರೆ?

ಇದರ ಮಧ್ಯೆ, 1979ರ ಡಿಸೆಂಬರಲ್ಲಿ, ಸ್ಟೀವ್ ಜಾಬ್ಸ್ ಮತ್ತು ಆಪಲ್‌ನವರು ಆ ಕೇಂದ್ರಕ್ಕೆ ಹೋಗಿ ನೋಡ್ಕೊಂಡು ಬಂದ್ರು. ಕದ್ದು ನೋಡಿದ್ರು ಅಂತ ರೀಲ್ಸಲ್ಲಿ ಹೇಳ್ತಾರೆ, ಪೂರ್ತಿ ಸರಿ ಅಲ್ಲ. ಜೆರಾಕ್ಸ್‌ಗೆ ಆಪಲ್‌ನ 1,00,000 ಶೇರು ತಗೊಳ್ಳೋ ಅವಕಾಶ ಸಿಕ್ಕಿತ್ತು, ತಲಾ 10 ಡಾಲರಿಗೆ. ಮಾರನೇ ವರ್ಷ ಡಿಸೆಂಬರಲ್ಲಿ ಆಪಲ್ ಐಪಿಒ ಬಂದಾಗ ದರ 22 ಡಾಲರ್. ಲೆಕ್ಕ ನೀವೇ ಹಾಕಿ. ಶೇರಲ್ಲಿ ಲಾಭ ಬಂತು ಸರಿ, ಕೊಟ್ಟಿದ್ದು ಏನು ಅಂತ ಜೆರಾಕ್ಸ್‌ನ ದೊಡ್ಡವರಿಗೆ ಆಗ ಅರ್ಥ ಆಗಿತ್ತಾ ಅನ್ನೋದು ನನ್ನ ಅನುಮಾನ.

ಆಪಲ್‌ನವರು ಸುಮ್ಮನೆ ನಕಲು ಹೊಡೆಯಲಿಲ್ಲ, ತಮ್ಮದೂ ತುಂಬಾ ಸೇರಿಸಿದ್ರು. 1983ರಲ್ಲಿ ಲೀಸಾ, 1984ರ ಜನವರಿ 24ಕ್ಕೆ ಮ್ಯಾಕಿಂಟಾಷ್. ಇವತ್ತು ನಾವು ಕಂಪ್ಯೂಟರ್ ಅಂದ್ರೆ ಹಿಂಗಿರುತ್ತೆ ಅಂದುಕೊಳ್ಳೋ ಮುಖ ಸಾಮಾನ್ಯ ಜನಕ್ಕೆ ಪರಿಚಯ ಆಗಿದ್ದು ಅಲ್ಲಿಂದ. ಅವತ್ತಿಂದ ಉಳಿದವರಿಗೆಲ್ಲ ಆ ಮುಖ ಬೇಕಾಯ್ತು.

ಕಂತು 3

ಈ ಕಂತು ಪೂರ್ತಿ ಕೋರ್ಟು. ಬಿಸಿನೆಸ್ ಲಾ ಕ್ಲಾಸಲ್ಲಿ ನಿದ್ದೆ ಮಾಡಿದವರು ಎದ್ದು ಕೂತ್ಕೊಳ್ಳಿ.

1985ರಲ್ಲಿ ಡಿಜಿಟಲ್ ರಿಸರ್ಚ್ ಅನ್ನೋ ಕಂಪನಿ 'ಜೆಮ್' ಅಂತ ಒಂದು ಸಾಫ್ಟ್‌ವೇರ್ ಬಿಡ್ತು. ಸಾದಾ ಪಿಸಿಗೆ ಹಾಕಿದ್ರೆ ಅದು ಮ್ಯಾಕ್ ಥರ ಕಾಣ್ತಿತ್ತು. ಎಷ್ಟು ಅಂದ್ರೆ ಆಪಲ್ ಗದರಿಸ್ತು, ಡಿಜಿಟಲ್ ರಿಸರ್ಚ್ ಬಗ್ಗಿತು. ಮುಂದಿನ ಆವೃತ್ತಿಯ ಡೆಸ್ಕ್‌ಟಾಪಲ್ಲಿ ಕಿಟಕಿಗಳನ್ನ ಎಲ್ಲಿ ಬೇಕಾದ್ರೂ ಎಳೆದಾಡೋ ಹಾಗಿಲ್ಲ, ಎರಡೇ ಕಿಟಕಿ, ಅವೂ ಕೂತಲ್ಲೇ ಕೂತಿರಬೇಕು. ಕಸದ ಬುಟ್ಟಿಯನ್ನೂ ಕಿತ್ತು ಹಾಕಿದ್ರು. ಒಂದು ಕಸದ ಬುಟ್ಟಿ ಚಿತ್ರಕ್ಕೆ ಇಷ್ಟು ರಾದ್ಧಾಂತ.

ಅದೇ ವರ್ಷ ನವೆಂಬರಲ್ಲಿ ವಿಂಡೋಸ್ 1.0 ಬಂತು. ಅದರಲ್ಲಿ ಕಿಟಕಿಗಳು ಒಂದರ ಮೇಲೊಂದು ಬರ್ತಿರಲಿಲ್ಲ, ಮನೆ ನೆಲದ ಟೈಲ್ಸ್ ಥರ ಪಕ್ಕಪಕ್ಕ. ಆಗಲೇ ಮೈಕ್ರೋಸಾಫ್ಟ್ ಆಪಲ್ ಜೊತೆ ಒಂದು ಲೈಸೆನ್ಸ್ ಒಪ್ಪಂದ ಮಾಡ್ಕೊಂಡಿತ್ತು. 1987ರ ವಿಂಡೋಸ್ 2.0ದಲ್ಲಿ ಕಿಟಕಿ ಮೇಲೆ ಕಿಟಕಿ ಬರೋಕೆ ಶುರುವಾಯ್ತು. 1988ರ ಮಾರ್ಚಲ್ಲಿ ಆಪಲ್ ಕೇಸ್ ಹಾಕ್ತು, ಮೈಕ್ರೋಸಾಫ್ಟ್ ಮೇಲೆ ಮತ್ತು ಎಚ್‌ಪಿ ಮೇಲೆ. ಒಟ್ಟು 189 ಅಂಶಗಳನ್ನ ಪಟ್ಟಿ ಮಾಡಿ, ಇವೆಲ್ಲ ನಮ್ಮವು ಅಂದ್ರು. ಅದರಲ್ಲಿ 179 ಆ ಹಳೇ ಲೈಸೆನ್ಸ್ ಒಳಗೇ ಬರುತ್ತೆ ಅಂತ ಕೋರ್ಟ್ ಹೇಳ್ತು. ಉಳಿದ ಹತ್ತರಲ್ಲಿ ಹೆಚ್ಚಿನವು ಕಾಪಿರೈಟಿಗೆ ಸಿಗೋ ವಸ್ತುಗಳೇ ಅಲ್ಲ ಅಂತ ಆಯ್ತು. 1994ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಒಪ್ಪಂದ ಬರೆಯೋವಾಗ ಒಂದೊಂದು ಪದಾನೂ ನೋಡ್ಕೊಳ್ಳಿ ಅಂತ ನಮ್ಮ ಮೇಡಂ ಹೇಳೋದು ಯಾಕೆ ಅಂತ ನನಗೆ ಈ ಕೇಸ್ ಓದಿದಾಗ ಗೊತ್ತಾಯ್ತು.

ಇದರ ನಡುವೆ, 1989ರಲ್ಲಿ, ಜೆರಾಕ್ಸ್‌ಗೆ ಎಚ್ಚರ ಆಗಿ ಅದು ಆಪಲ್ ಮೇಲೆ ಕೇಸ್ ಹಾಕ್ತು! ನೀವು ಬೇರೆಯವರನ್ನ ಕಳ್ಳ ಅಂತೀರಲ್ಲ, ಮೂಲ ನಮ್ಮದು ಅಂತ. ಹೆಚ್ಚಿನ ಭಾಗ ಮರುವರ್ಷವೇ ವಜಾ ಆಯ್ತು.

ಒಟ್ಟಿನಲ್ಲಿ ಉಳಿದದ್ದು ಇಷ್ಟು: ಮೇಜು, ಕಿಟಕಿ, ಫೋಲ್ಡರ್ ಅನ್ನೋ ಕಲ್ಪನೆ ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ನಿಮ್ಮ ಐಕಾನಿನ ಚಿತ್ರವನ್ನೇ ಎತ್ತಿ ಹಾಕ್ಕೊಂಡ್ರೆ, ಹೆಸರು ಲೋಗೋ ಬಳಸಿದ್ರೆ, ಅದು ಬೇರೆ ವಿಷಯ. ಮುಂದಿನ ಕಂತುಗಳಲ್ಲಿ ಈ ಗೆರೆ ಮೇಲೇ ಜನ ಓಡಾಡ್ತಾರೆ.

ಕಂತು 4

ಕೆಲವರು ಕೇಳಿದ್ರಿ, ವೇಷ ಹಾಕೋಕೆ ಲಿನಕ್ಸೇ ಯಾಕೆ, ವಿಂಡೋಸಲ್ಲಿ ಯಾಕೆ ಕಷ್ಟ ಅಂತ. ಚಿಕ್ಕದಾಗಿ ಹೇಳ್ತೀನಿ.

ನಮ್ಮ ಕಡೆ ಯಕ್ಷಗಾನದ ಚೌಕಿಗೆ ಹೋದವರಿಗೆ ಗೊತ್ತು. ಸಾದಾ ಬನಿಯನ್ನಲ್ಲಿ ಕೂತಿರೋ ಮನುಷ್ಯ ಎರಡು ಗಂಟೆಯಲ್ಲಿ ಕೌರವ ಆಗ್ತಾನೆ. ಕಿರೀಟ ಬೇರೆ, ಬಣ್ಣ ಬೇರೆ, ಎದೆಕಟ್ಟು ಬೇರೆ, ಎಲ್ಲ ಬಿಡಿ ಬಿಡಿ. ನಾಳೆ ಅದೇ ಮನುಷ್ಯ ಭೀಮ. ಲಿನಕ್ಸ್ ಹಂಗೆ. 1984ರಲ್ಲಿ ಎಂಐಟಿಯಲ್ಲಿ 'ಎಕ್ಸ್ ವಿಂಡೋ' ಅನ್ನೋ ವ್ಯವಸ್ಥೆ ಮಾಡಿದವರು, ಪರದೆ ಮೇಲೆ ಗೆರೆ ಎಳೆಯೋದು, ಮೌಸ್ ಎಲ್ಲಿ ಒತ್ತಿದ್ರು ಅಂತ ತಿಳಿಸೋದು ಮಾತ್ರ ನಮ್ಮ ಕೆಲಸ, ಕಿಟಕಿಗೆ ಚೌಕಟ್ಟು ಹೇಗಿರಬೇಕು, ಬಟನ್ ಎಲ್ಲಿರಬೇಕು ಅನ್ನೋದನ್ನ ಬೇರೆ ಪ್ರೋಗ್ರಾಮ್ ನೋಡ್ಕೊಳ್ಳಲಿ ಅಂತ ಬಿಟ್ಟುಬಿಟ್ರು. ಆ ಬೇರೆ ಪ್ರೋಗ್ರಾಮಿಗೆ ವಿಂಡೋ ಮ್ಯಾನೇಜರ್ ಅಂತ ಹೆಸರು. ಅದನ್ನ ಬದಲಾಯಿಸಿದ್ರೆ ಮುಖ ಬದಲು. ಒಳಗಿನ ಆಸಾಮಿ ಅವನೇ.

ಮೊದಲ ದೊಡ್ಡ ಆಸೆ ಯಾವುದರ ಮೇಲೆ ಅಂತೀರಾ? ಜಾಬ್ಸ್ ಆಪಲ್ ಬಿಟ್ಟು 1985ರಲ್ಲಿ ಕಟ್ಟಿದ ನೆಕ್ಸ್ಟ್ ಕಂಪನಿಯ ಕಂಪ್ಯೂಟರ್ ಮೇಲೆ. ಕಪ್ಪು ಚೌಕದ ಪೆಟ್ಟಿಗೆ, 6,500 ಡಾಲರ್. ಟಿಮ್ ಬರ್ನರ್ಸ್-ಲೀ ಮೊದಲ ವೆಬ್ ಬ್ರೌಸರ್ ಬರೆದದ್ದು ಅದರ ಮೇಲೇ, 1990ರಲ್ಲಿ. ಅದನ್ನ ಕೊಳ್ಳೋ ಶಕ್ತಿ ಇಲ್ಲದ ಹುಡುಗರು ಲಿನಕ್ಸಿಗೆ ಅದರ ಮುಖ ಹಾಕಿದ್ರು. ಆಫ್ಟರ್‌ಸ್ಟೆಪ್ ಬಂತು, ಆಮೇಲೆ ವಿಂಡೋ ಮೇಕರ್. ಎರಡನೆಯದನ್ನ ಶುರು ಮಾಡಿದವರು ಬ್ರೆಜಿಲಿನ ಆಲ್ಫ್ರೆಡೋ ಕೊಜಿಮಾ. ನೆಕ್ಸ್ಟ್ ಕಂಪನಿಯನ್ನ 1996ರ ಕೊನೆಗೆ ಆಪಲ್ ಕೊಂಡ್ಕೊಳ್ತು, ಆ ಕಪ್ಪು ಪೆಟ್ಟಿಗೆಗಳು ಗುಜರಿ ಸೇರಿದ್ವು. ವಿಂಡೋ ಮೇಕರ್ ಇವತ್ತಿಗೂ ಸಿಗುತ್ತೆ, ಬೇಕಾದ್ರೆ ಹಾಕ್ಕೊಳ್ಳಿ. ಮೂಲ ಸತ್ತ ಮೇಲೂ ವೇಷ ಆಟ ಆಡ್ತಾ ಇದೆ.

ಇನ್ನೊಂದು ಆಸೆ ಇದಕ್ಕೆ ಉಲ್ಟಾ. 1995ರ ಆಗಸ್ಟ್ 24ಕ್ಕೆ ವಿಂಡೋಸ್ 95 ಬಂತು, ಸ್ಟಾರ್ಟ್ ಬಟನ್ ಜೊತೆಗೆ. ಲಿನಕ್ಸಿನವರು ಮೈಕ್ರೋಸಾಫ್ಟನ್ನ ಬೈತಾ ಬೈತಾನೇ ಎಫ್‌ವಿಡಬ್ಲ್ಯುಎಮ್95 ಅಂತ ಒಂದನ್ನ ಮಾಡಿದ್ರು, ಅದೇ ಬೂದು ಪಟ್ಟಿ, ಅದೇ ಮೂಲೇಲಿ ಸ್ಟಾರ್ಟ್. ಇದು ಆಸೆಯಿಂದ ಹಾಕಿದ ವೇಷ ಅಲ್ಲ. ಹೊಸದಾಗಿ ಬರೋರು ಗಾಬರಿ ಆಗಬಾರದು ಅಂತ. ಅಂದ್ರೆ ನಾನು ಆ ರಾತ್ರಿ ಮಾಡಿದ್ದರ ಮುತ್ತಜ್ಜ ಇದು.

ಕಂತು 5

ಆಪಲ್‌ನವರು ತಮ್ಮ ಮುಖ ಬೇರೆಯವರಿಗೆ ಕೊಡಲ್ಲ ಅಂತ ಕೂತಿದ್ರೆ, ಅವರ ಗಿರಾಕಿಗಳೇ ಮ್ಯಾಕಿನ ಮುಖಕ್ಕೆ ಬಣ್ಣ ಹಚ್ತಾ ಇದ್ರು.

90ರ ದಶಕದ ಮಧ್ಯದಲ್ಲಿ ಆಪಲ್ 'ಕೋಪ್ಲ್ಯಾಂಡ್' ಅನ್ನೋ ಹೊಸ ಓಎಸ್ ಮಾಡ್ತೀವಿ ಅಂತ ಹೇಳ್ತಾನೇ ಇತ್ತು, ಚಿತ್ರಗಳನ್ನೂ ತೋರಿಸ್ತು. ಬರಲೇ ಇಲ್ಲ. 1996ರಲ್ಲಿ ಕೈಬಿಟ್ರು. ಅಷ್ಟರಲ್ಲಿ ಗ್ರೆಗ್ ಲ್ಯಾಂಡ್‌ವೆಬರ್ ಅನ್ನೋರು 'ಆರನ್' ಅನ್ನೋ ಪುಟ್ಟ ಪ್ರೋಗ್ರಾಮ್ ಬರೆದು, ಹಳೇ ಮ್ಯಾಕಿಗೇ ಆ ಬಾರದ ಓಎಸ್‌ನ ಮುಖ ಹಾಕಿಬಿಟ್ಟಿದ್ರು. ರಾಜ ರಂಗಕ್ಕೆ ಬರೋ ಮುಂಚೆ ಅವನ ಕಿರೀಟ ಬಂದ ಹಾಗೆ. ಆಮೇಲೆ ಅವರೇ ಆರ್ಲೋ ರೋಸ್ ಜೊತೆ ಸೇರಿ 'ಕೆಲಿಡೋಸ್ಕೋಪ್' ಮಾಡಿದ್ರು. ಇದರಲ್ಲಿ ಬೇಕಾದ ವೇಷ. ಮ್ಯಾಕನ್ನ ವಿಂಡೋಸ್ 95 ಥರ, ಬಿಓಎಸ್ ಥರ, ಮರದ ಹಲಗೆ ಥರ. ಮ್ಯಾಕ್ ಕೊಂಡು ಅದಕ್ಕೆ ವಿಂಡೋಸ್ ವೇಷ ಹಾಕಿದ ಪುಣ್ಯಾತ್ಮರೂ ಇದ್ರು ಅಂದ್ರೆ ನನಗೆ ನಗು ತಡೆಯೋಕಾಗಲ್ಲ.

2000ನೇ ಇಸವಿ ಜನವರಿ 5ರಂದು ಜಾಬ್ಸ್ ವೇದಿಕೆ ಮೇಲೆ 'ಆಕ್ವಾ' ತೋರಿಸಿದ್ರು. ನೀರ ಹನಿ ಥರದ ನೀಲಿ ಬಟನ್, ಕೆಂಪು ಹಳದಿ ಹಸಿರು ಮೂರು ಗುಂಡು, ಕೆಳಗೆ ಡಾಕ್. ಆ ಓಎಸ್ ಪೂರ್ತಿಯಾಗಿ ಅಂಗಡಿಗೆ ಬಂದದ್ದು 2001ರ ಮಾರ್ಚ್ 24ಕ್ಕೆ. ಜನ ಅಲ್ಲೀವರೆಗೆ ಕಾಯ್ತಾರಾ? ವಿಂಡೋಸಿಗೆ, ಲಿನಕ್ಸಿಗೆ, ಹಳೇ ಮ್ಯಾಕಿಗೇ ಆಕ್ವಾ ಥೀಮ್‌ಗಳು ಹುಟ್ಟಿಕೊಂಡ್ವು. ಆಪಲ್ ವಕೀಲರಿಂದ ಥೀಮ್ ಹಂಚೋ ಸೈಟುಗಳಿಗೆ ನೋಟಿಸ್ ಹೋಯ್ತು, ಬಹಳಷ್ಟು ತೆಗೆದು ಹಾಕಿದ್ರು. ಮತ್ತೆ ಬೇರೆ ಹೆಸರಲ್ಲಿ ಬಂದ್ವು. ಆ ಹುಡುಗರು ಯಾರೂ ದುಡ್ಡಿಗೆ ಮಾಡ್ತಿರಲಿಲ್ಲ. ಪುಕ್ಕಟೆ ಹಂಚ್ತಿದ್ರು. ಕಾನೂನಿನ ಪ್ರಕಾರ ಆಪಲ್‌ದು ಸರಿ ಇರಬಹುದು, ನನ್ನ ಮನಸ್ಸಂತೂ ಹುಡುಗರ ಕಡೆಗೇ.

ಕಂತು 6

ಈ ಫೋಟೋ ನಮ್ಮ ಮಾವ ಕೊಟ್ಟಿದ್ದು. 2006ರದ್ದು, ಅವರ ಸೈಬರ್ ಸೆಂಟರ್. ಆರು ಕಂಪ್ಯೂಟರ್, ಎಲ್ಲದರಲ್ಲೂ ವಿಂಡೋಸ್ ಎಕ್ಸ್‌ಪಿ, ಎಲ್ಲದರ ಹಿಂದೆ ಆ ಹಸಿರು ಗುಡ್ಡ. (ಅದು ಕಂಪ್ಯೂಟರಲ್ಲಿ ಬಿಡಿಸಿದ ಚಿತ್ರ ಅಂತ ನಾನು ಬಹಳ ದಿನ ಅಂದ್ಕೊಂಡಿದ್ದೆ. ಚಾರ್ಲ್ಸ್ ಓ'ರಿಯರ್ ಅನ್ನೋರು 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ನಿಜವಾದ ಫೋಟೋ.) ಆರನೇ ಕಂಪ್ಯೂಟರ್ ನೋಡಿ. ಅದು ಮ್ಯಾಕ್! ಅಂದ್ರೆ, ಮ್ಯಾಕ್ ಅಂತ ಮಾವ ಹೇಳ್ತಿದ್ರು. ಸಾಗರದಲ್ಲಿ ಆಗ ನಿಜವಾದ ಮ್ಯಾಕ್ ನೋಡಿದೋರು ಎಷ್ಟು ಜನ ಇದ್ರೋ. ಹುಡುಗರು ಉಳಿದ ಐದು ಖಾಲಿ ಇದ್ರೂ ಅದಕ್ಕೇ ಕಾಯ್ತಿದ್ರಂತೆ.

ಮಾವ ಮಾಡಿದ್ದು ಆಗ ಲೋಕಕ್ಕೆಲ್ಲ ಹಿಡಿದಿದ್ದ ಹುಚ್ಚು. ಅದರ ಹೆಸರು ಫ್ಲೈಅಕೈಟ್ಓಎಸ್‌ಎಕ್ಸ್. ಒಂದೇ ಇನ್‌ಸ್ಟಾಲರ್, ಓಡಿಸಿ ರೀಸ್ಟಾರ್ಟ್ ಮಾಡಿದ್ರೆ ಎಕ್ಸ್‌ಪಿ ಮ್ಯಾಕ್ ಆಗಿ ಏಳ್ತಿತ್ತು. ಹೇಳೋಕೆ ಸುಲಭ, ಒಳಗೆ ನಡೀತಿದ್ದದ್ದು ಆಪರೇಷನ್. ಎಕ್ಸ್‌ಪಿಗೆ ಥೀಮ್ ಹಾಕೋ ಶಕ್ತಿ ಮೊದಲೇ ಇತ್ತು, ಆದರೆ ಮೈಕ್ರೋಸಾಫ್ಟ್ ಸಹಿ ಇರೋ ಥೀಮನ್ನ ಮಾತ್ರ ಒಪ್ಪೋ ಹಾಗೆ ಬೀಗ ಹಾಕಿದ್ರು. ಆ ಬೀಗ ಇದ್ದದ್ದು ಯುಎಕ್ಸ್‌ಥೀಮ್ ಅನ್ನೋ ಒಂದು ಡಿಎಲ್‌ಎಲ್ ಫೈಲಲ್ಲಿ. ಜನ ಆ ಫೈಲನ್ನೇ ತಿದ್ದಿದ್ರು. ಐಕಾನ್‌ಗಳು ಇನ್ನೊಂದು ಸಿಸ್ಟಮ್ ಫೈಲಿನ ಹೊಟ್ಟೆಯೊಳಗೆ, ಅದನ್ನೂ ಬಿಚ್ಚಿ ಹೊಸ ಚಿತ್ರ ತುಂಬಬೇಕು. ವಿಂಡೋಸ್ ಇದನ್ನ ಕಂಡು, ನನ್ನ ಫೈಲ್ ಯಾರೋ ಮುಟ್ಟಿದಾರೆ ಅಂತ ವಾಪಸ್ ಹಳೇದನ್ನೇ ತಂದಿಡ್ತಿತ್ತು, ಅದರ ಕಣ್ಣನ್ನೂ ತಪ್ಪಿಸಬೇಕು. ಮಧ್ಯೆ ಕರೆಂಟ್ ಹೋದ್ರೆ? ಮಳೆಗಾಲದ ಮಲೆನಾಡು, ಹೋಗದೆ ಇರುತ್ತಾ? ಮಾವಂಗೆ ಎರಡು ಸಲ ಹೋಗಿ ಎರಡು ಸಲಾನೂ ಫಾರ್ಮ್ಯಾಟ್ ಹೊಡೆದ್ರಂತೆ.

ಇಷ್ಟೆಲ್ಲ ಆದ್ರೂ ಆ ಕೆಂಪು ಹಳದಿ ಹಸಿರು ಗುಂಡುಗಳು ಬಲಗಡೇನೇ ಉಳೀತಿದ್ವು. ವಿಂಡೋಸಿನ ಥೀಮ್ ಬಣ್ಣ ಬದಲಿಸ್ತಿತ್ತೇ ಹೊರತು ಬಟನ್ನಿನ ಜಾಗ ಅಲ್ಲ. ಅದನ್ನ ಎಡಕ್ಕೆ ತರೋಕೆ ಬೇರೆ ಚಿಕ್ಕ ಪ್ರೋಗ್ರಾಮ್. ಕೆಳಗಿನ ಡಾಕ್ ಬೇಕು ಅಂದ್ರೆ ರಾಕೆಟ್‌ಡಾಕ್ ಅಥವಾ ಆಬ್ಜೆಕ್ಟ್‌ಡಾಕ್. ಮೌಸ್ ಹತ್ರ ಹೋದ್ರೆ ಐಕಾನ್ ಉಬ್ಬಬೇಕಲ್ಲ, ಅದೇ ಎಲ್ಲರಿಗೂ ಬೇಕಿದ್ದದ್ದು. ಸ್ಟಾರ್‌ಡಾಕ್ ಅನ್ನೋ ಕಂಪನಿ ವಿಂಡೋಬ್ಲೈಂಡ್ಸ್ ಅಂತ ಮಾಡಿ ಇದನ್ನೇ ವ್ಯಾಪಾರ ಮಾಡ್ಕೊಂಡಿತ್ತು. ಅವರದ್ದು ಸಿಸ್ಟಮ್ ಫೈಲ್ ಮುಟ್ಟದ ದಾರಿ, ಆದರೆ ದುಡ್ಡು ಕೊಡಬೇಕು, ಮಾವ ಕೊಡೋರಲ್ಲ.

ಇದೇ ಹೊತ್ತಿಗೆ ಎಕ್ಸ್‌ಪಿಗೆ ವಿಸ್ಟಾ ವೇಷ ಹಾಕೋರೂ ಇದ್ರು, ವಿಸ್ಟಾ ಅಂಗಡಿಗೆ ಬರೋ ಮುಂಚೇನೇ. ವಿಸ್ಟಾ ಜನರ ಕೈಗೆ ಬಂದದ್ದು 2007ರ ಜನವರಿ 30. ಓಡೋಕೆ ಒಳ್ಳೇ ಮಷೀನ್ ಬೇಕು ಅಂತ ಗೊತ್ತಾದ ಮೇಲೆ ಎಷ್ಟೋ ಜನ ಎಕ್ಸ್‌ಪಿ ಮೇಲಿನ ವೇಷದಲ್ಲೇ ಸುಖವಾಗಿದ್ರು.

ನಾನು ಮಾವನ್ನ ಕೇಳಿದೆ, ಗಿರಾಕಿಗಳಿಗೆ ಸುಳ್ಳು ಹೇಳಿದ ಹಾಗೆ ಆಗಲಿಲ್ವಾ ಅಂತ. "ಸುಳ್ಳು ಏನು ಬಂತೋ, ಅವರಿಗೆ ಬೇಕಿದ್ದದ್ದು ಆರ್ಕುಟ್ ತಾನೇ, ಅದು ಓಪನ್ ಆಗ್ತಿತ್ತಲ್ಲ" ಅಂದ್ರು. ಅಕೌಂಟೆನ್ಸಿಯಲ್ಲಿ ನಮಗೆ 'ಸಬ್‌ಸ್ಟೆನ್ಸ್ ಓವರ್ ಫಾರ್ಮ್' ಅಂತ ಪಾಠ ಇದೆ ನೆನಪಿದೆಯಾ, ಕಾಗದದ ಮೇಲೆ ಹೇಗೆ ಕಾಣುತ್ತೆ ಅನ್ನೋದಕ್ಕಿಂತ ವ್ಯವಹಾರ ನಿಜವಾಗಿ ಏನು ಅಂತ ನೋಡಿ ಲೆಕ್ಕ ಬರೀಬೇಕು ಅನ್ನೋದು. ಮಾವ ಬಿಎ, ಆದ್ರೂ ಹೇಳಿದ್ದು ಅದನ್ನೇ.

ಕಂತು 7

ಹೆಸರಿನ ವೇಷ ಹಾಕಿದವನ ಕಥೆ ಒಂದಿದೆ. 2001ರಲ್ಲಿ ಮೈಕಲ್ ರಾಬರ್ಟ್‌ಸನ್ ಅನ್ನೋ ಅಮೆರಿಕದ ಉದ್ಯಮಿ ಲಿನಕ್ಸಿಗೆ ವಿಂಡೋಸ್ ಥರದ ಮುಖ ಕೊಟ್ಟು, ಹೆಸರು 'ಲಿಂಡೋಸ್' ಅಂತ ಇಟ್ಟ. ಹೆಸರಲ್ಲೇ ಇದೆಯಲ್ಲ ಎಲ್ಲ. ಮೈಕ್ರೋಸಾಫ್ಟ್ ಡಿಸೆಂಬರಲ್ಲಿ ಟ್ರೇಡ್‌ಮಾರ್ಕ್ ಕೇಸ್ ಹಾಕ್ತು. ವಿಂಡೋಸ್ ಅಂದ್ರೆ ಸಾದಾ ಇಂಗ್ಲಿಷ್ ಪದ, ಕಿಟಕಿ, ಅದು ಮೈಕ್ರೋಸಾಫ್ಟ್‌ಗಿಂತ ಮೊದಲೇ ಎಲ್ಲರೂ ಬಳಸ್ತಿದ್ರು ಅಂತ ಇವನ ವಾದ. ಕೋರ್ಟಿಗೂ ಆ ವಾದದಲ್ಲಿ ಹುರುಳು ಕಂಡಿತ್ತು. ಗೆದ್ದರೆ 'ಲಿಂಡೋಸ್' ಹೋಗುತ್ತೆ, ಸೋತರೆ 'ವಿಂಡೋಸ್' ಅನ್ನೋ ಟ್ರೇಡ್‌ಮಾರ್ಕೇ ಹೋಗಬಹುದು. 2004ರಲ್ಲಿ ಮೈಕ್ರೋಸಾಫ್ಟ್ ಕೇಸ್ ಹಾಕಿದವರೇ ಎದುರಾಳಿಗೆ 2 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು. ಹೆಸರು 'ಲಿನ್‌ಸ್ಪೈರ್' ಆಯ್ತು.

ಚೀನಾದಲ್ಲಿ ಇನ್ನೊಂದು. ಎಕ್ಸ್‌ಪಿಯ ಕಳ್ಳ ಪ್ರತಿಗಳನ್ನ ತಿದ್ದಿ ಹಂಚಿ ಹೆಸರಾಗಿದ್ದ ವೈಎಲ್‌ಎಮ್‌ಎಫ್ ಅನ್ನೋ ಗುಂಪು, ಕಳ್ಳ ಪ್ರತಿ ಮೇಲೆ ಕಾನೂನು ಬಿಗಿಯಾದ ಕಾಲದಲ್ಲಿ ಉಬುಂಟು ಮೇಲೆ ಥೇಟ್ ಎಕ್ಸ್‌ಪಿ ಮುಖ ಕೂರಿಸಿ ಬಿಡ್ತು. ಹಸಿರು ಸ್ಟಾರ್ಟ್ ಬಟನ್ ಸಮೇತ.

ಉತ್ತರ ಕೊರಿಯಾದ್ದು ಓದಿದಾಗ ಮಾತ್ರ ಮೈ ಜುಂ ಅಂತು. ಅವರ ಸರ್ಕಾರದ 'ರೆಡ್ ಸ್ಟಾರ್' ಅನ್ನೋ ಲಿನಕ್ಸ್, ಮೂರನೇ ಆವೃತ್ತಿಯಲ್ಲಿ ಪೂರ್ತಿ ಮ್ಯಾಕ್ ಥರ. ಕೆಳಗೆ ಡಾಕ್, ಮೇಲೆ ಮೆನು, ನೋಡೋಕೆ ಚೆಂದ. 2015ರ ಡಿಸೆಂಬರಲ್ಲಿ ಜರ್ಮನಿಯ ಇಬ್ಬರು ಸಂಶೋಧಕರು, ಫ್ಲೋರಿಯನ್ ಗ್ರುನೋವ್ ಮತ್ತು ನಿಕ್ಲೌಸ್ ಶೀಸ್, ಅದನ್ನ ಬಿಚ್ಚಿ ತೋರಿಸಿದ್ರು. ನೀವು ಪೆನ್‌ಡ್ರೈವಲ್ಲಿ ಒಂದು ಫೋಟೋನೋ ಡಾಕ್ಯುಮೆಂಟೋ ತಂದ್ರೆ, ಸಿಸ್ಟಮ್ ಸದ್ದಿಲ್ಲದೆ ಆ ಫೈಲಿಗೆ ಒಂದು ಗುಟ್ಟಿನ ಗುರುತು ಒತ್ತುತ್ತೆ. ಅದು ಇನ್ನೊಬ್ಬರ ಕೈಗೆ ಹೋದ್ರೆ ಅವರ ಗುರುತೂ ಸೇರುತ್ತೆ. ಯಾರಿಂದ ಯಾರಿಗೆ ಹೋಯ್ತು ಅಂತ ಆಮೇಲೆ ಪತ್ತೆ ಹಚ್ಚಬಹುದು. ಸಿಸ್ಟಮ್ ಫೈಲ್ ತಿದ್ದೋಕೆ ಹೋದ್ರೆ ತಾನೇ ರೀಸ್ಟಾರ್ಟ್ ಆಗುತ್ತೆ. ಮಾವ ಎಕ್ಸ್‌ಪಿಗೆ ಹಾಕಿದ ಮುಖವೇ ಅಲ್ಲೂ ಇರೋದು, ಒಳಗೆ ಕೂತಿರೋದು ಮಾತ್ರ ಪೊಲೀಸು.

ನಮ್ಮ ದೇಶದ್ದೂ ಒಂದು. 2023ರ ಆಗಸ್ಟಲ್ಲಿ ರಕ್ಷಣಾ ಸಚಿವಾಲಯ ವಿಂಡೋಸ್ ತೆಗೆದು 'ಮಾಯಾ' ಅನ್ನೋ ಓಎಸ್ ಹಾಕುತ್ತೆ ಅಂತ ಸುದ್ದಿ ಬಂತು. ಉಬುಂಟು ಮೇಲೆ ಕಟ್ಟಿದ್ದು, ನೋಡೋಕೆ ವಿಂಡೋಸ್ ಥರಾನೇ, ಬಳಸೋರಿಗೆ ವ್ಯತ್ಯಾಸ ತಿಳಿಯಬಾರದು ಅಂತ. ಹೆಸರಿಟ್ಟವರಿಗೆ ಒಂದು ನಮಸ್ಕಾರ.

ಕಂತು 8

ಇದು ಚಿಕ್ಕದು. ನಾಳೆ ಇಂಟರ್ನಲ್ಸ್ ಇದೆ.

ಕೆಲವರು ವೇಷ ಹಾಕೋದು ಜೀವ ಉಳಿಸ್ಕೊಳ್ಳೋಕೆ. ಟೇಲ್ಸ್ ಅನ್ನೋ ಲಿನಕ್ಸ್ ಪತ್ರಕರ್ತರು, ಕಣ್ಗಾವಲಿನ ದೇಶಗಳಲ್ಲಿರೋರು ಬಳಸೋದು. ಪೆನ್‌ಡ್ರೈವಿಂದ ಓಡುತ್ತೆ, ಕಂಪ್ಯೂಟರಲ್ಲಿ ಗುರುತು ಬಿಡಲ್ಲ. ಆದರೆ ಸೈಬರ್ ಸೆಂಟರಲ್ಲಿ ಕೂತಾಗ ವಿಚಿತ್ರ ಪರದೆ ಕಂಡ್ರೆ ಪಕ್ಕದವರು ತಿರುಗಿ ನೋಡ್ತಾರಲ್ಲ. ಅದಕ್ಕೆ ಅದರಲ್ಲಿ 'ವಿಂಡೋಸ್ ಮರೆವೇಷ' ಅನ್ನೋ ಆಯ್ಕೆ ಇತ್ತು. ಮೊದಲು ಎಕ್ಸ್‌ಪಿ ಥರ, ಎಕ್ಸ್‌ಪಿ ಹಳೇದಾದ ಮೇಲೆ ವಿಂಡೋಸ್ 8 ಥರ. ಯೋಚನೆ ಮಾಡಿ, ಎಲ್ಲರೂ ಹೊಸ ವಿಂಡೋಸಿಗೆ ಹೋದ್ರೆ ಹಳೇ ವೇಷಾನೇ ಹಿಡಿದು ಕೊಡುತ್ತೆ. ಊರೆಲ್ಲ ಪ್ಯಾಂಟ್ ಹಾಕಿದಾಗ ಒಬ್ಬನೇ ಬೆಲ್‌ಬಾಟಮ್ ಹಾಕಿ ತಪ್ಪಿಸ್ಕೊಂಡು ತಿರುಗೋಕಾಗುತ್ತಾ? 2016ರ 2.0 ಆವೃತ್ತಿಯಲ್ಲಿ ಒಳಗಿನ ಡೆಸ್ಕ್‌ಟಾಪ್ ಬದಲಾಗಿ ಆ ಆಯ್ಕೆ ಹೋಯ್ತು. 2019ರ ಕೊನೆಗೆ ಕಾಲಿ ಲಿನಕ್ಸ್‌ನವರು 'ಅಂಡರ್‌ಕವರ್' ಅಂತ ತಂದ್ರು, ಒಂದು ಕ್ಲಿಕ್ಕಿಗೆ ವಿಂಡೋಸ್ 10. ನಾನು ಆ ರಾತ್ರಿ ಬಳಸಿದ್ದು ಅದೇ ಜಾತಿಯ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್.

ವಿಂಡೋಸಿಗೇ ವಿಂಡೋಸ್ ವೇಷ ಹಾಕಿದ್ದೂ ಉಂಟು. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ ತೆಗೆದುಬಿಟ್ಟರು. ಜನ ಕ್ಲಾಸಿಕ್ ಶೆಲ್ ಅನ್ನೋ ಪುಕ್ಕಟೆ ಪ್ರೋಗ್ರಾಮ್ ಹಾಕಿ ಹಳೇ ಬಟನ್, ಹಳೇ ಮೆನು ವಾಪಸ್ ತಂದ್ಕೊಂಡ್ರು. ಮಾರನೇ ವರ್ಷ 8.1ರಲ್ಲಿ ಬಟನ್ ವಾಪಸ್ ಬಂತು, 2015ರ ವಿಂಡೋಸ್ 10ರಲ್ಲಿ ಮೆನುನೂ ಬಂತು.

ಕಂತು 9

ಐದನೇ ದಿನ.

ಅಪ್ಪ ಆ ಕಂಪ್ಯೂಟರಲ್ಲಿ ಮಾಡೋದು ಮೂರೇ ಕೆಲಸ. ಬ್ರೌಸರ್, ಸ್ಕ್ಯಾನು, ಪ್ರಿಂಟು. ಟೈಪಿಂಗ್ ನಮ್ಮಲ್ಲಿಲ್ಲ. ಎರಡನೇ ದಿನಾನೇ "ಏನೋ ಮಾರಾಯ, ಕ್ಲೀನ್ ಮಾಡಿದ್ಯಾ? ಸ್ಪೀಡ್ ಆಗಿದೆ" ಅಂದಿದ್ರು. ನಾನು ಹೂಂ ಅಂದು ಒಳಗೊಳಗೇ ಬೀಗಿದ್ದೆ.

ಅವತ್ತು ಬೆಳಿಗ್ಗೆ ಒಬ್ಬರು ಹಿರಿಯರು ಬಂದ್ರು, ಹಳ್ಳಿ ಕಡೆಯವರು. ಜಮೀನಿನ ತಕರಾರಿಗೆ ಅರ್ಜಿ, ಎಲ್ಲೋ ಟೈಪ್ ಮಾಡಿಸಿ ಪೆನ್‌ಡ್ರೈವಲ್ಲಿ ತಂದಿದ್ರು. ಹನ್ನೊಂದು ಗಂಟೆಗೆ ತಾಲ್ಲೂಕು ಕಚೇರಿಯಲ್ಲಿ ಕೊಡಬೇಕು. ಅಪ್ಪ ಫೈಲ್ ತೆರೆದ್ರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಮಧ್ಯೆ ಮಧ್ಯೆ ಚಿಹ್ನೆ, ಪುಟದ ತುಂಬಾ ಹುಚ್ಚುಹುಚ್ಚಾಗಿ. ಕಾರಣ ನಿಮ್ಮಲ್ಲಿ ಕೆಲವರಿಗೆ ಹೊಳೆದಿರುತ್ತೆ: ಅದು ಯುನಿಕೋಡ್ ಅಲ್ಲದ ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಹಳೇ ವಿಂಡೋಸಲ್ಲಿ ಇತ್ತು. ನಾನು ಬಣ್ಣ ನಕಲು ಮಾಡಿದೆ, ಬಟನ್ ನಕಲು ಮಾಡಿದೆ, ಗಡಿಯಾರದ ಅಕ್ಷರದ ಗಾತ್ರ ಕೂಡ ಅಳೆದು ಹಾಕಿದೆ. ಊರವರ ಅರ್ಜಿಗೆಲ್ಲ ಬೇಕಾದ ಆ ಒಂದು ಫಾಂಟ್ ಹಾಕಲಿಲ್ಲ.

ಅಪ್ಪ ಎರಡು ಸಲ ಮುಚ್ಚಿ ತೆರೆದ್ರು. ಆ ಹಿರಿಯರು "ನನ್ನ ಕಾಗದ ಹಾಳಾಯ್ತಾ?" ಅಂತ ಕೇಳಿದ್ದು ಇನ್ನೂ ಕಿವೀಲಿದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ಅಪ್ಪ ಫಾಂಟ್ ಹಾಕೋಣ ಅಂತ ಕಂಟ್ರೋಲ್ ಪ್ಯಾನೆಲ್ ಹುಡುಕಿದ್ರು. ಇರೋ ಜಾಗದಲ್ಲಿ ಅದು ಇಲ್ಲ. ಸಿ ಡ್ರೈವ್ ತೆರೆಯೋಕೆ ಹೋದ್ರು. ಸಿ ಡ್ರೈವೇ ಇಲ್ಲ. ಹದಿನಾಲ್ಕು ವರ್ಷದಿಂದ ಕೈ ಬೆರಳಿಗೆ ಗೊತ್ತಿದ್ದ ಮಷೀನು ಅವರ ಕಣ್ಣೆದುರೇ ಬೇರೆ ಯಾರದೋ ಆಗೋಯ್ತು, ಅದೂ ಗಿರಾಕಿ ಮುಂದೆ. ಹೊರಗಿಂದ ಬಂದಿದ್ರೆ ಗೊತ್ತಿಲ್ಲದ ಮಷೀನು ಅಂತ ಯಾರನ್ನಾದ್ರೂ ಕೇಳಿರೋರು. ಗೊತ್ತಿರೋ ಥರಾನೇ ಕಂಡಿದ್ದಕ್ಕೆ, ತಪ್ಪು ತಮ್ಮದೇ ಅಂದ್ಕೊಂಡು ಬೆವರ್ತಾ ಕೂತಿದ್ರು.

ನನಗೆ ಫೋನ್ ಬಂದಾಗ ಹತ್ತೂಕಾಲು. ಸೈಕಲ್ ತುಳ್ಕೊಂಡು ಹೋದೆ. ಹಳೇ ಹಾರ್ಡ್‌ಡಿಸ್ಕ್ ಬ್ಯಾಕಪ್ಪಲ್ಲಿ ನುಡಿ ಫಾಂಟ್ ಫೈಲುಗಳಿದ್ವು, ಅದನ್ನ ತಂದು ಫಾಂಟ್ ಫೋಲ್ಡರಿಗೆ ಹಾಕಿದೆ, ಕನ್ನಡ ಬಂತು. ಎರಡು ಕಡೆ ಸಾಲು ಮುರಿದಿತ್ತು, ಸರಿ ಮಾಡಿ ಪ್ರಿಂಟ್ ಕೊಟ್ಟೆ. ಹತ್ತು ನಲವತ್ತೈದು. ಅಪ್ಪ ಅವರ ಹತ್ರ ದುಡ್ಡು ತಗೊಳ್ಳಲಿಲ್ಲ. ಅವರು ಓಡಿದ್ರು.

ಆಮೇಲೆ ಎಲ್ಲ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಪರದೆ ನೋಡ್ತಾ ಕೂತು, "ಹೇಳಿದ್ರೆ ಬೇಡ ಅಂತಿದ್ನಾ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಯಾಕಂದ್ರೆ ಬೇಡ ಅಂತಿರಲಿಲ್ಲ ಅವರು. ಎರಡು ಪ್ರಶ್ನೆ ಕೇಳಿ ಹಾಕು ಅಂತಿದ್ರು. ಆ ಎರಡು ಪ್ರಶ್ನೇಲಿ ಒಂದು ಖಂಡಿತ ನುಡಿ ಬಗ್ಗೇನೇ ಇರ್ತಿತ್ತು.

ವಾಪಸ್ ವಿಂಡೋಸ್ ಹಾಕ್ಲಾ ಅಂದೆ. ಬೇಡ, ಸ್ಪೀಡ್ ಇದೆ ಅಂದ್ರು. ಪಟ್ಟಿ ಕೆಳಗೇ ಇರಲಿ, ಅಭ್ಯಾಸ ಆಗಿದೆ. ಆದರೆ ಆ ವಿಂಡೋಸ್ ಬಟನ್ ತೆಗಿ, ನಮ್ಮದಲ್ಲದ್ದು ಯಾಕೆ ಅಂದ್ರು. ಈಗ ಆ ಮೂಲೆಯಲ್ಲಿ ನಮ್ಮ ಅಂಗಡಿ ಬೋರ್ಡಿನ ಅಡಿಕೆ ಮರದ ಚಿತ್ರ ಇದೆ. ಎರಡನೇ ಫೋಟೋಗೆ ಸ್ವೈಪ್ ಮಾಡಿ, ಕಾಣುತ್ತೆ. ಮಾನಿಟರ್ ಮೇಲೆ ಅಂಟಿಸಿರೋ ಚೀಟಿ ಅಪ್ಪನ ಕೈಬರಹ: ಫಾಂಟ್ ಎಲ್ಲಿ, ಪೆನ್‌ಡ್ರೈವ್ ಎಲ್ಲಿ ಕಾಣುತ್ತೆ, ತೊಂದರೆ ಆದ್ರೆ ನನ್ನ ನಂಬರ್.

ಆ ಹಿರಿಯರು ಮುಂದಿನ ವಾರ ಬಂದಿದ್ರು, ಅರ್ಜಿಯ ಸ್ವೀಕೃತಿ ಪ್ರತಿ ಜೆರಾಕ್ಸ್ ಮಾಡಿಸೋಕೆ. ಎರಡು ಕಾಪಿ.

ನಿಮ್ಮ ಮನೇಲಿ ಹಳೇ ಎಕ್ಸ್‌ಪಿ ಕಾಲದ ವೇಷದ ಸ್ಕ್ರೀನ್‌ಶಾಟ್ ಇದ್ರೆ ಮೆಸೇಜ್ ಮಾಡಿ. ಮಾವಂಗೆ ತೋರಿಸ್ಬೇಕು.

#ಕಂಪ್ಯೂಟರ್_ಚರಿತ್ರೆ #ಛದ್ಮವೇಷ #ಜೆರಾಕ್ಸ್_ಅಂಗಡಿ #ಕನ್ನಡದಲ್ಲಿ_ಲಿನಕ್ಸ್